ಏರ್ಪಾಡು ಮಾವನ ಪೋಲ್ ಪೊಸಿಷನ್

ಪ್ರತಿ ಬಳಗದಲ್ಲೂ ಒಬ್ಬರು ಏರ್ಪಾಡು ಮಾವ ಇರುತ್ತಾರೆ. ಊರು ಸುತ್ತುವ ಚಪಲ ಅವರಿಗೆ ಅಷ್ಟಾಗಿ ಇರುವುದಿಲ್ಲ, ಮಿಕ್ಕವರನ್ನು ಸುತ್ತಿಸುವ ಚಪಲ ಬೇಕಾದಷ್ಟಿರುತ್ತದೆ. ಧರ್ಮಸ್ಥಳಕ್ಕೆ ಹೊರಟರೆ ಶಿರಾಡಿ ಘಾಟಿ ಮುಚ್ಚಿದ್ದರೆ ಚಾರ್ಮಾಡಿ, ಚಾರ್ಮಾಡಿಯೂ ಮುಚ್ಚಿದ್ದರೆ ಬಿಸಿಲೆ ಎಂದು ಮೂರು ದಾರಿ ಬರೆದಿಟ್ಟಿರುತ್ತಾರೆ. ಯಾವ ಘಾಟಿಯೂ ಕುಸಿಯದೆ ಎಲ್ಲರೂ ಸುಖವಾಗಿ ತಲುಪಿಬಿಟ್ಟರೆ ಒಳಗೊಳಗೇ ಮಂಕಾಗುತ್ತಾರೆ. ಬರೆದಿಟ್ಟ ಎರಡು ದಾರಿ ದಂಡವಾಯಿತಲ್ಲ!

ನಮ್ಮ ಪಾಲಿನ ಏರ್ಪಾಡು ಮಾವ ಇರುವುದು ಚೆನ್ನೈನ ತ್ರಿಪ್ಲಿಕೇನಿನಲ್ಲಿ. ಹುಟ್ಟಿದ್ದು, ಬೆಳೆದದ್ದು, ಬ್ಯಾಂಕಿನಿಂದ ನಿವೃತ್ತರಾಗಿ ಪೂರ್ಣಾವಧಿ ಏರ್ಪಾಡಿಗೆ ಕೂತದ್ದು ಎಲ್ಲ ಅಲ್ಲೇ. ಪಾರ್ಥಸಾರಥಿ ದೇವಸ್ಥಾನದ ಆಸುಪಾಸಿನ ಬೀದಿಯಲ್ಲಿ ಮನೆ. ಒಳಗೆ ಕನ್ನಡ, ಜಗಲಿಯಲ್ಲಿ ತಮಿಳು, ಸಿಟ್ಟು ಬಂದಾಗ ಎರಡೂ. ರಾಘವೇಂದ್ರ ಸ್ವಾಮಿಗಳ ಆರಾಧನೆ ಬಂತೆಂದರೆ ಮಠದಲ್ಲಿ ಯಾವ ಪಂಕ್ತಿಗೆ ಎಷ್ಟು ಎಲೆ, ಎಷ್ಟು ಹೊತ್ತಿಗೆ ಮಜ್ಜಿಗೆ ಬಂದರೆ ಎರಡನೆಯ ಪಂಕ್ತಿ ಎಷ್ಟು ಹೊತ್ತಿಗೆ ಕೂರುತ್ತದೆ ಎಂಬ ಲೆಕ್ಕ ಇವರ ನಾಲಿಗೆ ತುದಿಯಲ್ಲಿ. ಬಡಿಸುವವರು ಇವರನ್ನು ಕಂಡರೆ ಕಂಬದ ಮರೆಗೆ ಸರಿಯುತ್ತಾರೆ.

ಚೆಪಾಕ್ ಕ್ರೀಡಾಂಗಣ ಇವರ ಮನೆಯಿಂದ ಕೂಗಳತೆ. ಮ್ಯಾಚಿನ ದಿನ ಮೊದಲು ಹೋ ಎಂಬ ಕೂಗು ಕಿಟಕಿಯಿಂದ ಬರುತ್ತದೆ, ನಾಲ್ಕಾರು ಸೆಕೆಂಡು ಬಿಟ್ಟು ಟಿವಿಯಲ್ಲಿ ವಿಕೆಟ್ ಬೀಳುತ್ತದೆ. ಆದರೂ ಮಾವ ಒಳಗೆ ಹೋಗಿ ಒಂದು ಪೂರ್ತಿ ಪಂದ್ಯ ನೋಡಿದ್ದನ್ನು ಕಂಡವರಿಲ್ಲ. ಪರ ಊರಿನಿಂದ ಬಂದವರಿಗೆ ಯಾವ ಮ್ಯಾನ್ಷನ್ನಿನಲ್ಲಿ ರೂಮು ಸಿಗುತ್ತದೆ, ಯಾವ ಗೇಟಿನ ಸಾಲು ಬೇಗ ಕರಗುತ್ತದೆ ಎಂದು ಹೇಳಿ ಕಳಿಸುವುದರಲ್ಲೇ ಅವರ ಆಟ ಮುಗಿಯುತ್ತದೆ.

ಇಂಥವರಿಗೆ ಮೋಟಾರ್ ರೇಸ್ ಎಲ್ಲಿಂದ ಗಂಟುಬಿತ್ತು? ಕಾರು ಓಡಿಸಲು ಬಾರದು. ಸ್ಕೂಟರಿನಲ್ಲೂ ಹಿಂದೆ ಕೂತು ಓಡಿಸುವವನಿಗೆ ದಾರಿ ಹೇಳುವವರು. ಬೀಜ ಬಿದ್ದದ್ದು ಶೋಳವರದಲ್ಲಿ. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಊರ ಉತ್ತರಕ್ಕಿದ್ದ ಶೋಳವರದಲ್ಲಿ, ಎರಡನೆಯ ಮಹಾಯುದ್ಧ ಕಾಲದ ವಿಮಾನದ ಪಟ್ಟಿಯ ಮೇಲೆ ರೇಸ್ ನಡೆಸುತ್ತಿದ್ದರು. ಕೊಯಮತ್ತೂರಿನ ಕರಿವರ್ಧನ್, ನಮ್ಮ ವಿಜಯ್ ಮಲ್ಯ ಎಲ್ಲ ಅಲ್ಲಿ ಕಾರು ಬಿಟ್ಟವರೇ. ಅದನ್ನೆಲ್ಲ ಕಂಡಿದ್ದೀರಲ್ಲ, ಹೇಗಿತ್ತು ಎಂದು ಕೇಳಿದರೆ ಮಾವನ ಕಣ್ಣು ಅರಳುತ್ತದೆ. "ಹೇಗಿತ್ತು ಅಂದ್ರೆ? ಪ್ಯಾರೀಸ್ ಕಾರ್ನರ್‌ನಲ್ಲಿ ಬಸ್ ಹತ್ತಬೇಕು. ಆರೂವರೆಗೆ ಹತ್ತಿದ್ರೆ ಸೀಟು, ಏಳಕ್ಕೆ ಹತ್ತಿದ್ರೆ ಫುಟ್‌ಬೋರ್ಡು." ಯಾರು ಗೆದ್ದರು ಎಂದು ಕೇಳಬಾರದು.

1990ರಲ್ಲಿ ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈಯಲ್ಲಿ ಖಾಯಂ ಟ್ರ್ಯಾಕ್ ಆಯಿತು. ಅದು ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲೇ ಇರುವುದರಿಂದ, ರಸ್ತೆಯಲ್ಲಿ ಬರುವ ನಮಗೆ ಚೆನ್ನೈಗಿಂತ ಮೊದಲೇ ಸಿಗುತ್ತದೆ. "ಹಾಗಾದ್ರೆ ದಾರೀಲೇ ಇಳಿದು, ರೇಸ್ ನೋಡಿಕೊಂಡು ಹಾಗೇ ವಾಪಸ್ ಹೋಗ್ತೀವಿ ಮಾವ" ಎಂದದ್ದಕ್ಕೆ ಅವರು ಒಂದು ವಾರ ಫೋನು ಎತ್ತಲಿಲ್ಲ. ತ್ರಿಪ್ಲಿಕೇನಿನವರೆಗೆ ಬಂದು, ಸ್ನಾನ ಮಾಡಿ, ತಿಂಡಿ ತಿಂದು, ಬಂದ ದಾರಿಯಲ್ಲೇ ನಲವತ್ತು ಕಿಲೋಮೀಟರ್ ಹಿಂದಕ್ಕೆ ಹೋಗುವುದು ಅವರ ಪ್ರಕಾರ ಕ್ರಮ.

ಅವರ ಏರ್ಪಾಡಿನ ಮಹಾಕಾವ್ಯ ಗ್ರೇಟರ್ ನೋಯ್ಡಾ. 2011ರ ಅಕ್ಟೋಬರ್ 30ರಂದು ಬುದ್ಧ್ ಇಂಟರ್‌ನ್ಯಾಷನಲ್ ಸರ್ಕ್ಯೂಟಿನಲ್ಲಿ ಭಾರತದ ಮೊದಲ ಫಾರ್ಮುಲಾ ಒನ್. ದೀಪಾವಳಿಯ ಮಗ್ಗುಲಲ್ಲೇ ಬಂದದ್ದರಿಂದ ಆ ವರ್ಷ ರೈಲಿನಲ್ಲಿ ಎಲ್ಲರಿಗೂ ಒಂದೇ ಬೋಗಿಯಲ್ಲಿ ಕೆಳಗಿನ ಬರ್ತ್ ಸಿಗುವುದಿಲ್ಲ ಎಂದು ಕೈಬಿಟ್ಟರು. 2012ರಲ್ಲಿ ಯಮುನಾ ಎಕ್ಸ್‌ಪ್ರೆಸ್‌ವೇ ತೆರೆಯಿತು. ಹಾಗಾದರೆ ಮಥುರಾ, ಬೃಂದಾವನವನ್ನೂ ಸೇರಿಸಬಹುದು ಎಂದು ಕಾಗದವನ್ನೆಲ್ಲ ಹೊಸದಾಗಿ ಬರೆಯತೊಡಗಿದರು. ಬರೆದು ಮುಗಿಯುವುದರೊಳಗೆ ಆ ಸಲದ ರೇಸ್ ಮುಗಿಯಿತು. 2013ರಲ್ಲಿ ಬೃಂದಾವನದಲ್ಲಿ ಈರುಳ್ಳಿ ಹಾಕದ ಊಟದ ಜಾಗ ಗೊತ್ತಾಗಲಿ ಎಂದು ತಡೆದರು. ಈ ಮೂರು ಸಲವೂ ವೆಟ್ಟೆಲ್ ಗೆದ್ದ. ಒಂದೂ ತೂತಿಲ್ಲದ, ಕಡೆಯ ಕಾಫಿಯವರೆಗೂ ಕೂಡಿಬಂದ ಪ್ಲಾನು ಮಾವನ ಕೈಯಲ್ಲಿ ಸಿದ್ಧವಾದದ್ದು 2014ಕ್ಕೆ. ಆ ವರ್ಷ ರೇಸೇ ಇರಲಿಲ್ಲ, ಆಮೇಲೂ ಬರಲಿಲ್ಲ. ಆ ಫೈಲು ಈಗಲೂ ಬೀರುವಿನಲ್ಲಿದೆ. ಫಾರ್ಮುಲಾ ಒನ್‌ನವರು ಮನಸ್ಸು ಮಾಡಿದರೆ ಈ ಕಡೆಯಿಂದ ಏನೂ ಬಾಕಿಯಿಲ್ಲ.

ಹೀಗೆ ಜೀವಮಾನವಿಡೀ ರೇಸನ್ನು ಅಟ್ಟಿಸಿಕೊಂಡು ಹೋದವರ ಬಾಗಿಲಿಗೆ ರೇಸೇ ನಡೆದು ಬಂತು. ಐಲ್ಯಾಂಡ್ ಗ್ರೌಂಡ್ಸ್ ಸುತ್ತ, ಫ್ಲ್ಯಾಗ್ ಸ್ಟಾಫ್ ರಸ್ತೆ, ಅಣ್ಣಾ ಸಾಲೈ, ಶಿವಾನಂದ ಸಾಲೈ, ನೇಪಿಯರ್ ಸೇತುವೆ ಹಿಡಿದು ಮೂರೂವರೆ ಕಿಲೋಮೀಟರಿನ ಸುತ್ತು, 19 ತಿರುವು. ರಾತ್ರಿ ದೀಪದ ಬೆಳಕಿನಲ್ಲಿ ಫಾರ್ಮುಲಾ 4 ಮತ್ತು ಇಂಡಿಯನ್ ರೇಸಿಂಗ್ ಲೀಗ್. ಮೊದಲು ಗೊತ್ತಾದದ್ದು 2023ರ ಡಿಸೆಂಬರ್ 9 ಮತ್ತು 10. ವಾರದ ಮುಂಚೆ ಮಿಚಾಂಗ್ ಚಂಡಮಾರುತ ಬಂದು ಊರೇ ಕೆರೆಯಾಯಿತು, ರೇಸ್ ಮುಂದಕ್ಕೆ ಹೋಯಿತು. ಕರೆಂಟು ಬಂದ ಮೇಲೆ ಫೋನಿನಲ್ಲಿ ಸಿಕ್ಕ ಮಾವನ ದನಿ ಕುಸಿದಿತ್ತು. "ಕೊಡೆ ಬರೆದಿದ್ದೆ ಕಣೋ. ದೋಣಿ ಬರೆದಿರಲಿಲ್ಲ."

ಎರಡನೆಯ ಮುಹೂರ್ತ 2024ರ ಆಗಸ್ಟ್ 31, ಸೆಪ್ಟೆಂಬರ್ 1. ಶನಿವಾರ, ಭಾನುವಾರ. ಆರಾಧನೆ ಮುಗಿದಿತ್ತು, ಗಣೇಶನ ಹಬ್ಬಕ್ಕೆ ಇನ್ನೂ ಒಂದು ವಾರ. ಪಂಚಾಂಗವೂ ಮಾವನ ಕಡೆಗೇ ಇತ್ತು. ಮನೆಯಿಂದ ಟ್ರ್ಯಾಕಿಗೆ ಹೆಚ್ಚೆಂದರೆ ಮೂರು ಕಿಲೋಮೀಟರ್. ಇದಕ್ಕೆ ಪ್ಲಾನು ಏನು ಬಂತು, ಚಪ್ಪಲಿ ಮೆಟ್ಟಿಕೊಂಡು ಹೊರಟರಾಯಿತು ಎಂದು ನೀವು ಅನ್ನಬಹುದು. ಅತ್ತೆಯೂ ಅದನ್ನೇ ಅಂದರು. "ತಾರಸಿ ಮೇಲೆ ನಿಂತ್ರೆ ಸದ್ದು ಕೇಳತ್ತೆ. ಸದ್ದಿಗೆ ಟಿಕೆಟ್ ಬೇರೆ ಕೊಡಬೇಕಾ?" ಮಾವ ಉತ್ತರ ಕೊಡಲಿಲ್ಲ. ದಿನದ ಕ್ಯಾಲೆಂಡರಿನಿಂದ ಹರಿದಿಟ್ಟ ಹಾಳೆಗಳ ಕಟ್ಟು ತೆಗೆದು, ಬೆನ್ನಿನ ಮಗ್ಗುಲಲ್ಲಿ ಬರೆಯಲು ಕೂತರು.

ಆ ಹಾಳೆಗಳ ಫೋಟೋ ಬೆಂಗಳೂರಿನ ನಮಗೆಲ್ಲ ವಾಟ್ಸಾಪಿನಲ್ಲಿ ಬಂತು. ಸಣ್ಣ ಅಕ್ಷರ, ಬ್ಯಾಂಕಿನ ಲೆಡ್ಜರಿನ ಶಿಸ್ತು. "ಶನಿವಾರ. ಶತಾಬ್ದಿ. ಒಂಬತ್ತರಿಂದ ಹತ್ತೂವರೆ ರಾಹುಕಾಲ, ರೈಲಿನಲ್ಲೇ ಕಳೆಯುತ್ತದೆ, ಚಿಂತೆಯಿಲ್ಲ. ಹನ್ನೊಂದರ ಸುಮಾರಿಗೆ ಸೆಂಟ್ರಲ್. ಅಲ್ಲಿ ಕಾಫಿ ಕುಡಿಯಬಾರದು. ಮನೆಯಲ್ಲಿ ಡಿಕಾಕ್ಷನ್ ಇಳಿದಿರುತ್ತದೆ. ನಾಲ್ಕಕ್ಕೆ ಬಾಗಿಲು ತೆಗೆದ ಕೂಡಲೆ ಪಾರ್ಥಸಾರಥಿ ದರ್ಶನ." ರೇಸಿಗೆ ಬಂದವರಿಗೆ ದರ್ಶನ ಯಾಕೆ ಎಂದು ನನ್ನ ತಂಗಿಯ ಮಗ ಕೇಳಿದ್ದಕ್ಕೆ ಬಂದ ಉತ್ತರ: "ಈ ಊರಿನ ದೇವರೇ ಡ್ರೈವರು. ದೊಡ್ಡ ಮೀಸೆ ಬಿಟ್ಟು ನಿಂತಿದ್ದಾನೆ. ಉತ್ಸವಮೂರ್ತಿಯ ಮುಖದ ತುಂಬ ಭೀಷ್ಮರ ಬಾಣದ ಗುರುತು. ಹೆಲ್ಮೆಟ್ ಇಲ್ಲದೆ ಹದಿನೆಂಟು ದಿನ ರಥ ಓಡಿಸಿದವನು. ಅವನಿಗೆ ಕೈ ಮುಗಿಯದೆ ಕಾರು ನೋಡೋಕೆ ಹೋಗ್ತೀಯೇನೋ?"

ಭಾನುವಾರದ ಹಾಳೆ ಇನ್ನೂ ಬಿಗಿ. ರಾಹುಕಾಲ ನಾಲ್ಕೂವರೆಯಿಂದ ಆರು. ಅಷ್ಟರೊಳಗೆ ಗೇಟು ದಾಟಿರಬೇಕು, ಇಲ್ಲವೇ ಆರಾಗುವ ತನಕ ಬೀದಿಯಲ್ಲೇ ನಿಂತಿರಬೇಕು. ಕೊಡೆ ಒಳಗೆ ಬಿಡುವುದಿಲ್ಲ, ತಿಂಡಿಯನ್ನೂ ಬಿಡುವುದಿಲ್ಲ, ಹಾಗಾಗಿ ಮಧ್ಯಾಹ್ನವೇ ರಾತ್ರಿಯ ಹಸಿವಿಗೂ ಸೇರಿಸಿ ಉಣ್ಣಬೇಕು. ಕಿವಿಗೆ ಮೆಡಿಕಲ್ ಶಾಪಿನ ಹತ್ತಿ, ತಲಾ ಎರಡು ಉಂಡೆ, ಬಲಗಿವಿಯದು ಬೇರೆ ಎಡಗಿವಿಯದು ಬೇರೆ. ಹೋಗುವ ಬಗೆ ನಾಲ್ಕು. ಎ: ಆಟೋ, ಆದರೆ ರೇಸಿಗಾಗಿ ರಸ್ತೆಗಳ ಸಂಚಾರ ಬದಲಿಸಿದ್ದಾರೆ. ಬಿ: ತಿರುವಲ್ಲಿಕ್ಕೇಣಿ ಸ್ಟೇಷನ್ನಿನಿಂದ ಮೇಲ್ಸೇತುವೆ ರೈಲು. ಬೀಚ್ ಕಡೆಯ ಹಳಿಯ ಕೆಲಸ ನಡೆಯುತ್ತಿದ್ದದ್ದರಿಂದ ಆಗ ಅದು ಚಿಂತಾದ್ರಿಪೇಟೆಯಲ್ಲೇ ನಿಲ್ಲುತ್ತಿತ್ತು. ಅಂದರೆ ಟಿಕೆಟ್ ಕೊಂಡ ಎರಡನೆಯ ನಿಲ್ದಾಣಕ್ಕೇ ಇಳಿಯಬೇಕು. ಸಿ: ಮೆಟ್ರೋ, ಆದರೆ ಮೆಟ್ರೋ ಹತ್ತಲು ನಡೆಯುವಷ್ಟರಲ್ಲಿ ಅರ್ಧ ದಾರಿ ಸವೆದಿರುತ್ತದೆ. ಡಿ: ನಡೆಯುವುದು. ಡಿ ಎದುರಿಗೆ ಕೆಂಪು ಮಸಿಯಲ್ಲಿ "ತುರ್ತು ಪರಿಸ್ಥಿತಿಗೆ ಮಾತ್ರ" ಎಂದು ಬರೆದಿತ್ತು.

ಶನಿವಾರ ಮಳೆ ಬಂತು. ಜೊತೆಗೆ ಟ್ರ್ಯಾಕಿಗೆ ಎಫ್‌ಐಎ ಸರ್ಟಿಫಿಕೇಟು ಸಿಗುವುದು ತಡವಾಯಿತು. ಅದನ್ನು ಪಡೆಯಲು ಹೈಕೋರ್ಟ್ ಕೊಟ್ಟಿದ್ದ ಗಡುವು ಮಧ್ಯಾಹ್ನದಿಂದ ಸಂಜೆಗೆ, ಸಂಜೆಯಿಂದ ರಾತ್ರಿಗೆ ಜರುಗಿತು. ಜನ ಗೊಣಗುತ್ತಿದ್ದರು, ಮಾವ ಮಾತ್ರ ಹಿಗ್ಗುತ್ತಿದ್ದರು. ಹೊರಡುವ ಮುನ್ನ ರತ್ನ ಕೆಫೆಯಲ್ಲಿ ಎಲ್ಲರಿಗೂ ಇಡ್ಲಿ ಕೊಡಿಸಿದ್ದರು. ಅಲ್ಲಿ ಇಡ್ಲಿಯನ್ನು ತಟ್ಟೆಯಲ್ಲಿಟ್ಟು, ಅದು ಮುಳುಗಿ ಕಣ್ಮರೆಯಾಗುವ ತನಕ ಸಾಂಬಾರು ಸುರಿಯುತ್ತಾರೆ. ಆ ಬಲದಲ್ಲಿ ರಾತ್ರಿಯವರೆಗೂ ಕಾಯಬಹುದಿತ್ತು. "ನೋಡು, ಕಾಯೋ ಹೊತ್ತು ಅಂತಲೇ ಬೇರೆ ಕಾಲಂ ಹಾಕಿದ್ದೆ" ಎಂದು ಹಾಳೆ ತೋರಿಸಿದರು. ಎಫ್‌ಐಎ ಬಗ್ಗೆ ಅವರದು ಒಂದೇ ತಕರಾರು. "ಸರ್ಟಿಫಿಕೇಟನ್ನ ಹೊರಡೋ ಹಿಂದಿನ ದಿನ ಪ್ಲಾಸ್ಟಿಕ್ ಫೈಲಿಗೆ ಹಾಕಿ ಇಟ್ಕೋಬೇಕು. ಎರಡು ಜೆರಾಕ್ಸು. ಇಷ್ಟು ದೊಡ್ಡ ಸಂಸ್ಥೆ, ಇದನ್ನ ಹೇಳೋಕೆ ಒಬ್ಬ ಮನುಷ್ಯ ಇಲ್ವಾ?"

ಭಾನುವಾರ ಎ, ಬಿ, ಸಿ ಮೂರೂ ಒಂದೊಂದು ಕಾರಣಕ್ಕೆ ಬಿದ್ದುಹೋಗಿ ನಡೆದೇ ಹೋದೆವು. ಹೋದವರಲ್ಲಿ ಹುಡುಗರು ಬೆಂಗಳೂರು ಸ್ಪೀಡ್‌ಸ್ಟರ್ಸ್ ತಂಡದ ಪರ ಕೂಗಲು ಗಂಟಲು ಸರಿಮಾಡಿಕೊಂಡು ಬಂದಿದ್ದರು. ಬೀದಿ ರೇಸಿನಲ್ಲಿ ಒಂದು ವಿಚಿತ್ರವಿದೆ: ಕೂತಲ್ಲಿಂದ ಟ್ರ್ಯಾಕಿನ ಒಂದು ತುಂಡಷ್ಟೇ ಕಾಣುತ್ತದೆ. ಬೇಲಿಯಾಚೆ ಕಾರುಗಳು ಕಿವಿ ಸೀಳಿಕೊಂಡು ಬಂದವು, ಹೋದವು. ಮುಂದಿನ ಸುತ್ತಿಗೆ ಮತ್ತೆ ಬರುವ ತನಕ ದೊಡ್ಡ ಪರದೆ ನೋಡಬೇಕು. "ಇಷ್ಟೇನಾ?" ಎಂದರು ಅತ್ತೆ, ಹತ್ತಿ ತೆಗೆದು. ಲೀಗಿನ ಕಾರು ಇಟಲಿಯ ವುಲ್ಫ್, ಅದರೊಳಗಿರುವುದು ಅಪ್ರಿಲಿಯಾ ಮೋಟಾರ್‌ಬೈಕಿನ ಎಂಜಿನ್ನು ಎಂದು ಹುಡುಗರು ವಿವರಿಸಿದಾಗ ಅತ್ತೆಗೆ ಟಿಕೆಟ್ಟಿನ ದುಡ್ಡು ನೆನಪಾಗಿ ಇನ್ನಷ್ಟು ಬೇಜಾರಾಯಿತು. ಮಾವನಿಗೆ ಇದಾವುದೂ ಬೇಕಿರಲಿಲ್ಲ. ಕಾರು ಬಂದಾಗ ತಲೆ ಬಗ್ಗಿಸಿ ಗಡಿಯಾರ ನೋಡುತ್ತಿದ್ದರು, ಕಾರು ಹೋದಾಗ ತಲೆಯೆತ್ತಿ ಹೊರಹೋಗುವ ದಾರಿ ನೋಡುತ್ತಿದ್ದರು.

ನಡುವೆ ಒಂದು ನಾಯಿ ಟ್ರ್ಯಾಕಿಗೆ ನುಗ್ಗಿ ಓಟಕ್ಕೆ ತಡೆಯಾಯಿತು. ಅಧಿಕಾರಿಗಳು ಓಡಾಡಿದರು, ಪ್ರೇಕ್ಷಕರು ಎದ್ದು ನಿಂತರು. ಅತ್ತೆ ಆ ಸಂಜೆ ಮೊದಲ ಸಲ ಮುಂದಕ್ಕೆ ಬಾಗಿ ಕೂತು ಹೇಳಿದರು: "ನೋಡ್ರೀ, ಟಿಕೆಟ್ ಇಲ್ಲ, ಗೇಟ್ ನಂಬರ್ ಗೊತ್ತಿಲ್ಲ, ರಾಹುಕಾಲ ನೋಡಿಲ್ಲ. ನಮಗಿಂತ ಎಷ್ಟು ಹತ್ತಿರದಿಂದ ನೋಡ್ತಾ ಇದೆ!" ಮಾವ ಕ್ಯಾಲೆಂಡರ್ ಹಾಳೆಯ ಅಂಚಿನಲ್ಲಿ ಏನೋ ಗುರುತು ಹಾಕಿಕೊಂಡರು. ಮುಂದಿನ ಸಲಕ್ಕೆ ನಾಯಿಯ ಕಾಲಮ್ಮೂ ಬರುತ್ತದೆ ಎಂದು ನಮಗೆಲ್ಲ ಖಾತ್ರಿಯಾಯಿತು.

ಕಡೆಯ ರೇಸಿಗೆ ಇನ್ನೂ ಕೆಲವು ಸುತ್ತು ಬಾಕಿಯಿರುವಾಗಲೇ "ಏಳಿ ಏಳಿ" ಶುರುವಾಯಿತು. ಎಲ್ಲರೂ ಎದ್ದ ಮೇಲೆ ಎದ್ದರೆ ಗೇಟಿನಲ್ಲಿ ಸಿಕ್ಕಿಬೀಳುತ್ತೇವೆ, ಈಗ ಎದ್ದರೆ ವಾಲಾಜಾ ರಸ್ತೆಯವರೆಗೂ ದಾರಿ ಖಾಲಿ. ಹುಡುಗರು ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತ, ಶಪಿಸುತ್ತ ಬಂದರು. ಮಾವ ಮುಂದೆ, ಪ್ಲಾಸ್ಟಿಕ್ ಫೈಲು ಎದೆಗೆ ಅವಚಿಕೊಂಡು, ಆ ವಯಸ್ಸಿಗೆ ನಂಬಲಾಗದ ವೇಗದಲ್ಲಿ. ಅಡ್ಡ ಬಂದ ಆಟೋವನ್ನು ಎಡದಿಂದ ದಾಟಿದರು, ಮಲಗಿದ್ದ ಹಸುವನ್ನು ಬಲದಿಂದ. ಜಗಲಿ ಹತ್ತಿ, ಬೀಗ ತೆಗೆಯುವ ಮೊದಲೇ ಗಡಿಯಾರ ನೋಡಿದರು.

"ಪ್ಲಾನಿನಲ್ಲಿ ಎಷ್ಟು ಬರೆದಿದ್ದೆ? ಹತ್ತೂಮುಕ್ಕಾಲು. ಈಗ ಎಷ್ಟು? ಹತ್ತೂವರೆ ಆಗೋಕೆ ಇನ್ನೂ ಎರಡು ನಿಮಿಷ ಇದೆ!"

ತಂಗಿಯ ಮಗ ಮುಖ ಊದಿಸಿಕೊಂಡು ಫೋನಿನಲ್ಲಿ ಫಲಿತಾಂಶ ಹುಡುಕುತ್ತಿದ್ದ. ಫಾರ್ಮುಲಾ 4ರ ಒಂದು ರೇಸನ್ನು ಆಸ್ಟ್ರೇಲಿಯಾದ ಹ್ಯೂ ಬಾರ್ಟರ್ ಗೆದ್ದ ಎಂದು ಓದಿ ಹೇಳಿದ.

"ಎಷ್ಟು ನಿಮಿಷದಿಂದ ಗೆದ್ದ?" ಎಂದರು ಮಾವ.

"ನಿಮಿಷ ಎಲ್ಲಿಂದ ಬರಬೇಕು ತಾತ, ರೇಸಿನಲ್ಲಿ ಎಲ್ಲ ಸೆಕೆಂಡಿನ ಲೆಕ್ಕ."

"ಬರೀ ಸೆಕೆಂಡಾ?" ಮಾವ ಬೀಗ ತೆಗೆದು, ನಮ್ಮನ್ನೆಲ್ಲ ಒಮ್ಮೆ ನೋಡಿದರು. "ನಮ್ಮದು ಹದಿನೇಳು ನಿಮಿಷ."