ರೆನ್, ಮಾರ್ಟಿನ್ ಮತ್ತು ಗೂಬೆ

ನಮ್ಮೂರ ಕಡೆ ಮನೆ ಮೇಲೆ ಗೂಬೆ ಬಂದು ಕೂತರೆ ಮೊದಲು ಪುರೋಹಿತರಿಗೆ ಹೇಳಿಕಳಿಸುತ್ತಿದ್ದರು. ಶಾಂತಿ ಆಗುವ ತನಕ ಯಾರಿಗೂ ನಿದ್ದೆಯಿಲ್ಲ. ಈಗ ನಮ್ಮ ಮನೆಗೆ ದಿನಾ ಸಂಜೆ ಆರಕ್ಕೆ ಸರಿಯಾಗಿ ಒಂದು ಗೂಬೆ ಬರುತ್ತದೆ. ಹಸಿರು ಬಣ್ಣದ್ದು. ಬಂದದ್ದಕ್ಕೆ ಶಾಂತಿಯೂ ಇಲ್ಲ ಹೋಮವೂ ಇಲ್ಲ. ಬರಲಿಲ್ಲ ಅಂದರೆ ಮಾತ್ರ ರಂಪ. ನನ್ನ ಒಂಬತ್ತು ವರ್ಷದ ಮೊಮ್ಮಗಳಿಗೆ ಇಂಗ್ಲಿಷ್ ವ್ಯಾಕರಣ ಕಲಿಸುವ ಮೇಷ್ಟ್ರು ಅದು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಅದೇ ವ್ಯಾಕರಣ ಕಲಿಸಿ ನಿವೃತ್ತನಾದ ನಾನು ಪಕ್ಕದ ಕುರ್ಚಿಯಲ್ಲಿ ಕೂತು ಗೂಬೆಗೆ ಚಾರ್ಜರ್ ಸಿಕ್ಕಿಸಿಕೊಡುತ್ತೇನೆ.

ಯೋಚಿಸಿದರೆ, ಇಂಗ್ಲಿಷ್ ವ್ಯಾಕರಣಕ್ಕೂ ಹಕ್ಕಿಗಳಿಗೂ ಏನೋ ಹಳೇ ನಂಟು. ನಮ್ಮ ಕಾಲದಲ್ಲಿ ಕಲಿಸಿದ್ದು ರೆನ್ ಅಂಡ್ ಮಾರ್ಟಿನ್. ರೆನ್ ಅಂದರೆ ಗುಬ್ಬಚ್ಚಿಗಿಂತ ಚಿಕ್ಕದೊಂದು ಹಕ್ಕಿ, ಮಾರ್ಟಿನ್ ಅಂದರೆ ಅಂಬರಗುಬ್ಬಿಯ ದಾಯಾದಿ. ಆ ಪುಸ್ತಕ ಮೊದಲು ಅಚ್ಚಾದದ್ದು 1935ರಲ್ಲಿ, ಹಿಂದೂಸ್ತಾನದಲ್ಲಿದ್ದ ಬಿಳಿಯ ಸಾಹೇಬರ ಮಕ್ಕಳಿಗಾಗಿ. ಸಾಹೇಬರ ಮಕ್ಕಳು ಹಡಗು ಹತ್ತಿ ಹೋದರು, ಪುಸ್ತಕ ನಮ್ಮ ಚೀಲದಲ್ಲಿ ಉಳಿಯಿತು. ಅದರ ಪಿ. ಸಿ. ರೆನ್ ಇದ್ದಾನಲ್ಲ, ಅವನು ಬರೀ ವ್ಯಾಕರಣದವನಲ್ಲ. ಫ್ರೆಂಚ್ ಫಾರಿನ್ ಲೀಜನ್ನಿನ ಸಿಪಾಯಿಗಳ ಮೇಲೆ 1924ರಲ್ಲಿ 'ಬೋ ಜೆಸ್ಟ್' ಅನ್ನುವ ಸಾಹಸದ ಕಾದಂಬರಿ ಬರೆದು ಹೆಸರು ಮಾಡಿದವನು. ಮರಳುಗಾಡಿನಲ್ಲಿ ಸಿಪಾಯಿಗಳಿಗೆ ಕವಾಯತು ಮಾಡಿಸಿದ ಕೈಯೇ ನಮಗೂ ಮಾಡಿಸಿತು. ಗೋ ವೆಂಟ್ ಗಾನ್, ಸೀ ಸಾ ಸೀನ್ ಅಂತ ಎರಡೊಂದ್ಲ ಎರಡು ಮಗ್ಗಿಯ ರಾಗದಲ್ಲೇ ನಾವು ಒದರಿದೆವು. ಅರ್ಥ ಆಮೇಲೆ ಬಂತು, ಕೆಲವರಿಗೆ ಬರಲೂ ಇಲ್ಲ.

ಈಗಿನ ಗೂಬೆಯ ಯಜಮಾನನೂ ಸಾಮಾನ್ಯನಲ್ಲ. ಗ್ವಾಟೆಮಾಲಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆನಿಂತ ಲೂಯಿಸ್ ಫಾನ್ ಆನ್ ಎಂಬಾತ ಇನ್ನೊಬ್ಬನ ಜೊತೆ ಸೇರಿ ಕಟ್ಟಿದ, ಈ ಹಸಿರು ಗೂಬೆಯೇ ಗುರುತಾದ ಡ್ಯುವೊಲಿಂಗೊ ಎಂಬ ಭಾಷೆ ಕಲಿಸುವ ಆ್ಯಪ್ 2012ರಲ್ಲಿ ಎಲ್ಲರಿಗೂ ತೆರೆದುಕೊಂಡಿತು. ಕಂಪ್ಯೂಟರಿನಲ್ಲಿ ಸೊಟ್ಟಸೊಟ್ಟ ಅಕ್ಷರ ತೋರಿಸಿ 'ನೀನು ಮನುಷ್ಯನೇ ತಾನೇ, ಓದು ನೋಡೋಣ' ಅಂತ ಕೇಳುತ್ತಿದ್ದ ಪರೀಕ್ಷೆ ನೆನಪಿದೆಯಲ್ಲ? ಅದರ ಹಿಂದೆಯೂ ಇದೇ ಮಹಾಶಯನ ಕೈಯಿತ್ತು. ಮೊದಲು ನಾವು ಮನುಷ್ಯರು ಅಂತ ಖಾತ್ರಿ ಮಾಡಿಕೊಂಡು, ಆಮೇಲೆ ಗೂಬೆಯ ಕೈಗೆ ಒಪ್ಪಿಸಿದ್ದಾನೆ.

ನಮ್ಮ ಹುಡುಗಿಯ ದಾರಿಯೋ, ಹಿಂದಿಯಿಂದ ಇಂಗ್ಲಿಷ್ ಕಲಿಯುವುದು. ಅದು ಅವಳಮ್ಮನ ಆಯ್ಕೆ. "ಒಂದೇ ಕಲ್ಲಿಗೆ ಎರಡು ಹಕ್ಕಿ ಅಪ್ಪಾ" ಅಂದಳು ನನ್ನ ಮಗಳು. ಮತ್ತೆ ಹಕ್ಕಿ!

ಗೂಬೆ ಒಂದೇ ಆಗಿದ್ದರೆ ಸುಧಾರಿಸಬಹುದಿತ್ತು. ಹೆಗ್ಗಣಗಳೂ ಇವೆ. ಮೇಷ್ಟ್ರೇ ಪದಗಳನ್ನು ತುಂಬಿ ಆಟ ಮಾಡಿಕೊಡುವ ತಾಣಗಳಿವೆಯಲ್ಲ, ಅಲ್ಲಿ ಬಿಲಗಳಿಂದ ಹೆಗ್ಗಣದಂಥವು ತಲೆ ಎತ್ತುತ್ತವೆ, ಒಂದೊಂದರ ಜೊತೆ ಒಂದೊಂದು ಪದ. ಭೂತಕಾಲದ ಕ್ರಿಯಾಪದಕ್ಕೆ ಮಾತ್ರ ಬಾರಿಸಬೇಕು. ಮೊಮ್ಮಗಳು ಬಾರಿಸುವ ವೇಗ ನೋಡಿ ನನಗೇ ದಿಗಿಲಾಯಿತು. ನಮ್ಮ ಹೆಡ್‌ಮಾಸ್ಟರೂ ಆ ಚುರುಕಿನಲ್ಲಿ ಯಾರಿಗೂ ಬಾರಿಸಿದವರಲ್ಲ. ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ನೋಡಿದರೆ, 'ನೀಡ್' ಸತ್ತಿದೆ, 'ಫೀಡ್' ಸತ್ತಿದೆ, 'ವೆಂಟ್' ಹಲ್ಲುಕಿರಿದು ಬಿಲಕ್ಕೆ ವಾಪಸು ಹೋಗುತ್ತಿದೆ.

"ಏನೇ ಇದು?"

"ಕೊನೇಲಿ ಇ-ಡಿ ಇದ್ರೆ ಹೊಡಿ, ಅಷ್ಟೇ ತಾತ. ಓದ್ತಾ ಕೂತ್ರೆ ಟೈಮ್ ಆಗೋಗತ್ತೆ."

ಪಾಪ, ಅವಳದೇನೂ ತಪ್ಪಿಲ್ಲ. ನಾವೂ ಪ್ರಶ್ನೆಪತ್ರಿಕೆಯಲ್ಲಿ 'ಯೆಸ್ಟರ್ಡೇ' ಕಂಡರೆ ಕಣ್ಣುಮುಚ್ಚಿ ಇ-ಡಿ ಅಂಟಿಸಿ ಪಾಸಾದವರೇ.

ನನಗೆ ಕಿರಿಕಿರಿ ಆಗುವುದು ಬೇರೆ ಕಡೆ. ಮೊನ್ನೆ ಒಂದು ಖಾಲಿ ಜಾಗ ತುಂಬುವ ಆಟದಲ್ಲಿ ಅವಳು 'ಐ ಆಮ್ ಇನ್ ದ ಬಸ್' ಅಂತ ಒತ್ತಿದಳು. ಪರದೆ ಕೆಂಪಾಯಿತು, ಒಂದು ಹೃದಯ ಒಡೆಯಿತು, ಮುಂದಿನ ಪ್ರಶ್ನೆ. ಯಾಕೆ ತಪ್ಪು? ಕೆಂಪು ಬಣ್ಣಕ್ಕೆ ಗೊತ್ತಿಲ್ಲ. ನನಗೆ ಗೊತ್ತು. ಅದು ಅವಳ ತಪ್ಪಲ್ಲ, ನಮ್ಮ ಕನ್ನಡದ ಸಪ್ತಮಿ ವಿಭಕ್ತಿಯದು. ಬಸ್ಸಲ್ಲಿದ್ದೀನಿ, ಕಾರಲ್ಲಿದ್ದೀನಿ, ಸ್ಟಾಪಲ್ಲಿದ್ದೀನಿ. ಮೂರಕ್ಕೂ ನಮ್ಮದು ಒಂದೇ 'ಅಲ್ಲಿ'. ಇಂಗ್ಲಿಷಿನವನಿಗೆ ಬಸ್ಸಿಗೊಂದು ಆನ್, ಕಾರಿಗೊಂದು ಇನ್, ಸ್ಟಾಪಿಗೊಂದು ಆಟ್. ಇರುವುದೊಂದೇ ಬೀಗದ ಕೈಯಲ್ಲಿ ಮೂರು ಬಾಗಿಲು ತೆಗೆಯಲು ಹೋದ ಮಗು ಅದು. ಹಾಗೇ 'ನೀನೇ ಹೇಳಿದ್ದು' ಅನ್ನುವುದಕ್ಕೆ 'ಯೂ ಓನ್ಲಿ ಟೋಲ್ಡ್' ಅನ್ನುತ್ತೇವಲ್ಲ, ಆ 'ಓನ್ಲಿ' ನಮ್ಮ ಅವಧಾರಣೆಯ ಏಕಾರ ಪ್ಯಾಂಟು ತೊಟ್ಟು ಬಂದದ್ದು. ಎಲ್ಲೋ ಕೂತು ಆಟ ಕಟ್ಟಿದವನಿಗೆ ಈ ಏಕಾರದ ಮನೆವಿಳಾಸ ಹೇಗೆ ಗೊತ್ತಾಗಬೇಕು?

ಅವಕಾಶ ಸಿಕ್ಕಿತು ಅಂತ ನನ್ನ ಹಳೇ ಸರಕು ಬಿಚ್ಚಿದೆ. "ನೋಡು ಪುಟ್ಟಿ, ನಿಂತು ಓಡಾಡಬಹುದಾದ ಗಾಡಿಗೆ ಆನ್. ಬಗ್ಗಿ ನುಗ್ಗಿ ಕೂರೋ ಗಾಡಿಗೆ ಇನ್."

"ಆಟೋಗೆ?"

"ಇನ್."

"ನಮ್ಮೂರ ಬಸ್ಸಿಗೆ?"

"ಆನ್."

"ಅದ್ರಲ್ಲಿ ಓಡಾಡೋಕೆಲ್ಲಿ ಆಗತ್ತೆ ತಾತ? ಉಸಿರಾಡೋಕೂ ಆಗಲ್ಲ."

ಅಡುಗೆಮನೆಯಿಂದ ನನ್ನಾಕೆಯ ದನಿ ಬಂತು: "ಹೆಂಗಸರಿಗೆಲ್ಲ ಟಿಕೆಟ್ ಫ್ರೀ ಆದಮೇಲೆ ಬಸ್ಸಲ್ಲಿ ಜಾಗ ಎಲ್ಲಿದೆ ಅಂತ ಪಾಠ ಮಾಡ್ತೀರ್ರೀ? ಗಂಡಸರೆಲ್ಲ ಇನ್ನು ಟಾಪ್ ಮೇಲೇ ಕೂರಬೇಕು." ಹಾಗೆ ಕೂತರೆ ಆನ್ ಅನ್ನುವುದಕ್ಕೆ ಯಾರ ತಕರಾರೂ ಇರುವುದಿಲ್ಲ ಬಿಡಿ.

ಬ್ರಿಟಿಷ್ ಕೌನ್ಸಿಲಿನವರ ಮಕ್ಕಳ ತಾಣ ಕಾರಣ ಹೇಳುವ ವಿಷಯದಲ್ಲಿ ವಾಸಿ. ಮೊದಲು ನಿಯಮ ಹೇಳಿ ಆಮೇಲೆ ಆಡಿಸುತ್ತದೆ. ಅದಕ್ಕೇ ಇರಬೇಕು, ಮೊಮ್ಮಗಳಿಗೆ ಅದು 'ಬೋರು'. ಶಾಲೆಯ ಪುಸ್ತಕದಲ್ಲೂ ಈಗ ಕ್ಯೂಆರ್ ಕೋಡ್ ಇದೆ, ಫೋನು ಹಿಡಿದರೆ 'ದೀಕ್ಷಾ' ಅನ್ನುವ ಪಾಠದ ತಾಣ ತೆರೆಯುತ್ತದೆ. ನಮ್ಮ ಕಾಲದಲ್ಲಿ ದೀಕ್ಷೆಗೆ ತಲೆ ಬೋಳಿಸಿಕೊಳ್ಳಬೇಕಿತ್ತು, ಈಗ ನೆಟ್‌ವರ್ಕ್ ಇದ್ದರೆ ಸಾಕು.

ದೀಪಾವಳಿಗೆ ಮಕ್ಕಳೆಲ್ಲ ಬಂದಾಗ ಟಿವಿಗೆ ಕಹೂಟ್ ಹಾಕಿದರು. ನಾರ್ವೆಯವರು 2013ರಲ್ಲಿ ಬಿಟ್ಟ ಆಟ. ಪ್ರಶ್ನೆ ಟಿವಿಯಲ್ಲಿ, ಉತ್ತರ ಒತ್ತುವುದು ಅವರವರ ಫೋನಿನಲ್ಲಿ: ಕೆಂಪು ತ್ರಿಕೋನ, ನೀಲಿ ವಜ್ರ, ಹಳದಿ ವೃತ್ತ, ಹಸಿರು ಚೌಕ. ಬೇಗ ಒತ್ತಿದಷ್ಟೂ ಅಂಕ ಜಾಸ್ತಿ. ಹಿನ್ನೆಲೆಗೆ ಎದೆ ಹೊಡೆದುಕೊಳ್ಳುವಂಥ ಸಂಗೀತ. ನಾನು ಪ್ರಶ್ನೆ ಓದಿ, ಎರಡೂ ಸರಿಯಾಗುತ್ತದಲ್ಲ ಅಂತ ತರ್ಕ ಮಾಡಿ, ಕನ್ನಡಕ ಏರಿಸಿ ಬೆರಳು ಇಡುವಷ್ಟರಲ್ಲಿ ಹೊತ್ತು ಮುಗಿದಿರುತ್ತಿತ್ತು. ಫಲಿತಾಂಶ: ಮೂವತ್ತೆರಡು ವರ್ಷದ ಇಂಗ್ಲಿಷ್ ಮೇಷ್ಟ್ರು ಕಟ್ಟಕಡೆಗೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನಾಕೆ ನನಗಿಂತ ಎರಡು ಮೆಟ್ಟಿಲು ಮೇಲೆ.

"ನಿನಗೆ ಹೇಗೆ ಗೊತ್ತಾಯ್ತೇ?"

"ನನಗೇನು ಗೊತ್ತು? ಎಲ್ಲದಕ್ಕೂ ಕೆಂಪೇ ಒತ್ತಿದೆ. ಕುಂಕುಮದ ಬಣ್ಣ, ಒಳ್ಳೇದಾಗ್ಲಿ ಅಂತ."

ಆಕೆಗೆ ಮನಸಾರೆ ಹಿಡಿಸಿದ ತಾಣ ಅಂದರೆ ಫ್ರೀರೈಸ್. 2007ರಲ್ಲಿ ಶುರುವಾದದ್ದು, ಈಗ ವಿಶ್ವಸಂಸ್ಥೆಯ ಆಹಾರ ಕಾರ್ಯಕ್ರಮದವರ ಕೈಲಿದೆ. ನಾವು ಆಡಲು ಶುರುಮಾಡಿದಾಗ ಒಂದು ಪ್ರಶ್ನೆಗೆ ಸರಿ ಉತ್ತರ ಕೊಟ್ಟರೆ ಹಸಿದವರ ಲೆಕ್ಕಕ್ಕೆ ಹತ್ತು ಕಾಳು ಅಕ್ಕಿ ಬೀಳುತ್ತಿತ್ತು. ಪರದೆಯ ಮೇಲೆ ಬಟ್ಟಲಿಗೆ ಕಾಳು ಬೀಳುವುದನ್ನು ನೋಡಿ ನನ್ನಾಕೆ, "ಹತ್ತೇ ಹತ್ತಾ? ಎಂಥಾ ಜಿಪುಣರು!" ಅಂತ ಒಳಗೆ ಹೋದಳು. ಒಂದು ಚಮಚ ಸೋನಾ ಮಸೂರಿ ಮೊರಕ್ಕೆ ಸುರಿದು, ಬೆರಳ ತುದಿಯಲ್ಲಿ ಐದೈದು ಕಾಳು ಪಕ್ಕಕ್ಕೆ ಸರಿಸುತ್ತ ಎಣಿಸಿಯೇ ಎಣಿಸಿದಳು. ಮುನ್ನೂರರ ಮೇಲೆ ಚಿಲ್ಲರೆ. ಅಂದರೆ ಮೂವತ್ತು ಸರಿ ಉತ್ತರಕ್ಕೆ ಒಂದು ಚಮಚ. ಅವಳ ಪಾವಿಗೆ ನಲವತ್ತು ಚಮಚ ಹಿಡಿಯಿತು. ಒಂದು ಪಾವು ಅಕ್ಕಿಗೆ ಸಾವಿರದ ಇನ್ನೂರು ಸರಿ ಉತ್ತರ!

"ಏನ್ರೀ, ನೀವು ಮೂವತ್ತೆರಡು ವರ್ಷ ಸರಿ ಉತ್ತರ ಹೇಳಿದ್ರಲ್ಲ, ಈ ಲೆಕ್ಕದಲ್ಲಿ ನಮ್ಮನೆಗೆ ಎಷ್ಟು ಚೀಲ ಬರಬೇಕಿತ್ತು?" ಅಂದಳು. ನಾನು ಪೇಪರ್ ಅಗಲ ಮಾಡಿಕೊಂಡೆ. ಆದರೂ ಅಂದಿನಿಂದ ಮೊಮ್ಮಗಳು ಆ ಆಟದಲ್ಲಿ ಮಾತ್ರ ನಿಧಾನವಾಗಿ ಓದುತ್ತಾಳೆ. ಹೆಗ್ಗಣ ತಪ್ಪಿದರೆ ಚಿಂತೆಯಿಲ್ಲ. ಅನ್ನ ತಪ್ಪಬಾರದು ಅಂತ ಅಜ್ಜಿ ಹೇಳಿದ್ದಾಳಂತೆ.

ಕೊನೆಗೆ ಗೂಬೆಯ ವಿಷಯ. ಅದಕ್ಕೆ 'ಸ್ಟ್ರೀಕ್' ಅಂತೊಂದಿದೆ. ವ್ರತದ ಹಾಗೆ, ಒಂದು ದಿನವೂ ತಪ್ಪಬಾರದು. ಮೊಮ್ಮಗಳದು ನಲವತ್ತೇಳು ದಿನ ಆಗಿತ್ತು. ಮಂಡಲಪೂಜೆಗೆ ಒಂದೇ ದಿನ ಬಾಕಿ ಅಂತ ನಾನೂ ಲೆಕ್ಕ ಇಟ್ಟಿದ್ದೆ. ಅವತ್ತು ಅವಳಿಗೆ ಜ್ವರ. "ತಾತ, ಒಂದು ಪಾಠ ನೀವೇ ಆಡಿಬಿಡಿ" ಅಂತ ಟ್ಯಾಬು ನನ್ನ ಕೈಗಿಟ್ಟು ಮಲಗಿದಳು. ಊಟ ಆಗಲಿ ಅಂದುಕೊಂಡೆ, ವಾರ್ತೆ ಮುಗಿಯಲಿ ಅಂದುಕೊಂಡೆ, ಹಾಗೇ ಕುರ್ಚಿಯಲ್ಲೇ ನಿದ್ದೆ ಹೋದೆ.

ಬೆಳಿಗ್ಗೆ ಜ್ವರ ಬಿಟ್ಟಿತ್ತು. ಸ್ಟ್ರೀಕೂ ಬಿಟ್ಟಿತ್ತು. ಅವಳು ಅಳಲಿಲ್ಲ. ಟ್ಯಾಬು ಎತ್ತಿಕೊಂಡು ನೇರ ಅಮ್ಮನ ಹತ್ತಿರ ಹೋಗಿ ಸ್ಪಷ್ಟ ಇಂಗ್ಲಿಷಿನಲ್ಲಿ ದೂರು ಕೊಟ್ಟಳು: "ತಾತ ಓನ್ಲಿ ಫರ್ಗಾಟ್!"

ಗೂಬೆ ಕೂರಿಸಿದ್ದು ನನ್ನ ತಲೆಯ ಮೇಲೇ. ಆದರೆ ನೋಡಿ, 'ಫರ್ಗಾಟ್'. ಇ-ಡಿ ಹಚ್ಚಿರಲಿಲ್ಲ. 'ಓನ್ಲಿ'ಯನ್ನು ನಾನು ತಿದ್ದಲಿಲ್ಲ.