ಒತ್ತಿದ್ದು ಬರೀ ಅರ್ಜಿ

"ಮದರ್‌ಬೋರ್ಡೇ ಹೋಗಿರ್ಬೇಕು ಅಂದ ಮೇಷ್ಟ್ರೇ, ನಮ್ಮ ಹುಡುಗ."

ಬೇಲಿಯಾಚೆ ರಾಯರ ದನಿ ಇಳಿದಿತ್ತು. ಹುಡುಗ ಇರುವುದು ಬೆಂಗಳೂರಲ್ಲಿ, ಕಂಪ್ಯೂಟರ್ ಇರುವುದು ಇಲ್ಲಿ, ನಮ್ಮ ಮಲೆನಾಡಿನ ಮಳೆಯಲ್ಲಿ. ಫೋನಿನಲ್ಲೇ ನಾಡಿ ಹಿಡಿದು, ಎಸ್.ಪಿ. ರೋಡಿನಲ್ಲಿ ಹಳೇ ಬೋರ್ಡು ಸಿಗುತ್ತಾ ನೋಡ್ತೀನಿ ಅಂದನಂತೆ. ಪೆಟ್ಟಿಗೆಯನ್ನು ಕಣ್ಣಲ್ಲಿ ನೋಡದವರೆಲ್ಲ ಮೊದಲು ಹೇಳುವುದು ಮದರ್‌ಬೋರ್ಡಿನ ಹೆಸರೇ. ದುಬಾರಿ ಭಾಗ ಕೆಟ್ಟರೆ ನಾಲ್ಕು ಜನರೆದುರು ಹೇಳಿಕೊಳ್ಳಲಿಕ್ಕೂ ಒಂದು ಗತ್ತು. ಪ್ಲಗ್ಗು ಸಡಿಲವಾಗಿತ್ತು ಅಂದರೆ ಮನೆ ಮರ್ಯಾದೆ ಏನಾಗಬೇಕು!

"ಆನ್ ಆಗಲ್ಲ ಅಂದ್ರೆ ಹ್ಯಾಗೆ ರಾಯರೇ? ಫ್ಯಾನೂ ತಿರುಗಲ್ವಾ, ಫ್ಯಾನು ತಿರುಗಿ ಸ್ಕ್ರೀನ್ ಮಾತ್ರ ಕಪ್ಪಾ?"

"ಎರಡೂ ಒಂದೇ ಅಲ್ವಾ ಮಾರಾಯ್ರೇ?"

ಅಲ್ಲವೇ ಅಲ್ಲ. ಫ್ಯಾನು ತಿರುಗಿ, ಒಳಗಿನಿಂದ ಬೀಪ್ ಬೀಪ್ ಅಂತ ಕೂಗಿ, ಸ್ಕ್ರೀನ್ ಬರದಿದ್ದರೆ ನನ್ನ ಅನುಮಾನ ಮೊದಲು ಹೋಗುವುದು ರ‍್ಯಾಮಿನ ಮೇಲೆ. ಕರೆಂಟು ತೆಗೆದು, ಅದನ್ನು ಬಿಚ್ಚಿ, ಚಿನ್ನದ ಬಣ್ಣದ ಹಲ್ಲುಗಳನ್ನು ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಎರಡೂ ಕಡೆ ಕೊಂಡಿ ಕಚ್ಚುವ ಹಾಗೆ ಮತ್ತೆ ಕೂರಿಸಿದರೆ ಎಷ್ಟೋ ಪೆಟ್ಟಿಗೆಗಳು ಎದ್ದು ಕೂರುತ್ತವೆ. ನಮ್ಮ ಥಂಡಿಗೆ ಈ ರಬ್ಬರ್ ಸೇವೆ ವರ್ಷಕ್ಕೊಮ್ಮೆ ಆದರೂ ತಪ್ಪಿದ್ದಲ್ಲ. ಆದರೆ ರಾಯರದು ಆ ಬಾಬತ್ತಲ್ಲ. ಒತ್ತಿದರೆ ಉಸಿರೇ ಇಲ್ಲ.

ಗೋಡೆಯ ಕಡೆಯದನ್ನೆಲ್ಲ ಅವರು ನೋಡಿ ಆಗಿತ್ತು. ಸ್ಪೈಕ್ ಬಸ್ಟರಿನ ಕೆಂಪು ಸ್ವಿಚ್ಚು, ಹಿಂದಿನ ಕೇಬಲ್ಲು, ಒಳಗೆ ಕರೆಂಟು ಹಂಚುವ ಎಸ್‌ಎಂಪಿಎಸ್ ಮಗ್ಗುಲಲ್ಲೇ ಗೆರೆ, ಸೊನ್ನೆ ಬರೆದಿರುವ ಪುಟ್ಟ ಸ್ವಿಚ್ಚು ಎಲ್ಲ ಸರಿ. ಕಸ ಗುಡಿಸುವಾಗ ಪೊರಕೆ ತಾಗಿ ಆ ಸ್ವಿಚ್ಚು ಸೊನ್ನೆಗೆ ಬಿದ್ದು, ರಿಪೇರಿಯವನಿಗೆ ಬಂದುಹೋದ ಖರ್ಚು ಕೊಟ್ಟ ಮನೆಗಳು ನಮ್ಮ ಬೀದಿಯಲ್ಲೇ ಇವೆ, ಹೆಸರು ಬೇಡ. ಯುಪಿಎಸ್ಸನ್ನೂ ತಪ್ಪಿಸಿ ನೇರ ಗೋಡೆಗೇ ಹಾಕಿ ನೋಡಿದ್ದರು. ಅದು ಜಾಣತನ. ಯುಪಿಎಸ್ಸಿನೊಳಗಿನ 12 ವೋಲ್ಟ್ ಬ್ಯಾಟರಿ ಎರಡು ಮೂರು ವರ್ಷ ಬಂದರೆ ಹೆಚ್ಚು. ಅದು ಸತ್ತ ಮೇಲೆ ಕೆಲವು ಯುಪಿಎಸ್‌ಗಳು ಕರೆಂಟು ಇದ್ದರೂ ಮುಂದಕ್ಕೆ ಬಿಡುವುದಿಲ್ಲ.

"ಗುಂಡಿ ಒತ್ತಿ ಒತ್ತಿ ಹೆಬ್ಬೆರಳು ನೋವು ಬಂತು" ಅಂದರು ರಾಯರು.

ಎಲ್ಲರೂ ಎಡವುವುದು ಇಲ್ಲೇ. ಆ ಗುಂಡಿಯನ್ನು ನಾವು ದೀಪದ ಸ್ವಿಚ್ಚು ಅಂದುಕೊಂಡಿದ್ದೇವೆ. ಒಂದು ಕಾಲಕ್ಕೆ ಅದು ಸ್ವಿಚ್ಚೇ ಆಗಿತ್ತು. 1995ರಲ್ಲಿ ಇಂಟೆಲ್‌ನವರು ಎಟಿಎಕ್ಸ್ ಅನ್ನುವ ಹೊಸ ಏರ್ಪಾಟು ತರುವ ಮೊದಲು, ಗೋಡೆಯ 230 ವೋಲ್ಟು ದಪ್ಪ ತಂತಿಗಳಲ್ಲಿ ಪೆಟ್ಟಿಗೆಯ ಮೂತಿಯವರೆಗೂ ಬರುತ್ತಿತ್ತು. ಒತ್ತಿದರೆ ಟಕ್ ಅಂತ ಒಳಗೆ ಕೂರುತ್ತಿತ್ತು. ವಿಂಡೋಸ್ 95 ಇದ್ದ ಹಳೇ ಪೆಟ್ಟಿಗೆಗಳು ಶಟ್‌ಡೌನ್ ಕೊಟ್ಟ ಮೇಲೆ, ಇನ್ನು ಆರಿಸಬಹುದು ಅಂತ ಕಿತ್ತಳೆ ಬಣ್ಣದ ಅಕ್ಷರದಲ್ಲಿ ಹೇಳಿ ಕಾಯುತ್ತಿದ್ದುದು ಅದಕ್ಕೇ. ಆರಿಸುವ ಕೆಲಸ ನಮ್ಮದು.

ಈಗಿನದು ಪಕ್ಕಾ ಸರ್ಕಾರಿ ಕಚೇರಿ. ಗುಂಡಿ ಒತ್ತುವುದೆಂದರೆ ಕಿಟಕಿಯಲ್ಲಿ ಅರ್ಜಿ ಕೊಟ್ಟಷ್ಟೇ. ಕೂದಲಿನಂಥ ಎರಡು ತಂತಿ ಆ ಅರ್ಜಿಯನ್ನು ಮದರ್‌ಬೋರ್ಡಿಗೆ ಮುಟ್ಟಿಸಬೇಕು. ಬೋರ್ಡು ಅದನ್ನು ನೋಡಿ, ಹಸಿರು ತಂತಿಯೊಂದರ ಮೂಲಕ ಎಸ್‌ಎಂಪಿಎಸ್ ಸಾಹೇಬರ ಮೇಜಿಗೆ ಶಿಫಾರಸು ಮಾಡಬೇಕು. ಸಾಹೇಬರು ಒಪ್ಪಿದ ಮೇಲೆ 12 ವೋಲ್ಟು, 5 ವೋಲ್ಟು, 3.3 ವೋಲ್ಟು ಮಂಜೂರು. ಇಷ್ಟು ಕೈ ದಾಟುವ ಫೈಲು ಎಲ್ಲಿ ಬೇಕಾದರೂ ನಿಲ್ಲಬಹುದು. ಕಿಟಕಿಯಲ್ಲಿ ಎಷ್ಟು ಜೋರಾಗಿ ಒತ್ತಿದರೇನು ಬಂತು?

"ರಾಯರೇ, ಮೌಸಿನ ಅಡಿಯ ಕೆಂಪು ದೀಪ ಹತ್ತಿದೆಯಾ?"

"ಅದು ಹತ್ತೇ ಇದೆ. ರಾತ್ರಿಯೆಲ್ಲ ಉರಿಯುತ್ತೆ ಅಂತ ಇವಳು ಬೈತಾ ಇರ್ತಾಳೆ."

ಮದರ್‌ಬೋರ್ಡು ಹೋಗಿದೆ ಅನ್ನುವ ಮಾತಿನ ಮೇಲೆ ನನಗೆ ನಂಬಿಕೆ ಹೋದದ್ದು ಆಗ. ಪೆಟ್ಟಿಗೆ ಆರಿರುವಾಗಲೂ ಎಸ್‌ಎಂಪಿಎಸ್ ನೇರಳೆ ತಂತಿಯೊಂದರಲ್ಲಿ 5 ವೋಲ್ಟು ಕಳಿಸುತ್ತಲೇ ಇರುತ್ತದೆ, ಅರ್ಜಿ ಬಂದರೆ ತೆಗೆದುಕೊಳ್ಳಲು ಯಾರಾದರೂ ಎಚ್ಚರ ಇರಬೇಕಲ್ಲ. ಮೌಸ್ ಉರಿಯುವುದು ಅದರಲ್ಲೇ. ಅಂದರೆ ಗೋಡೆಯಿಂದ ಬೋರ್ಡಿನವರೆಗೆ ದಾರಿ ತೆರೆದಿದೆ. (ಆ ದೀಪ ಇಲ್ಲದಿದ್ದರೆ ಎಲ್ಲ ಮುಗಿಯಿತು ಅಂತಲ್ಲ, ಎಲ್ಲ ಬೋರ್ಡೂ ಆಫ್ ಆದ ಮೇಲೆ ಮೌಸಿಗೆ ಊಟ ಹಾಕುವುದಿಲ್ಲ.)

ಟೆಸ್ಟರ್ ಹಿಡಿದು ಬೇಲಿ ದಾಟಿದೆ. ಪಕ್ಕದ ತಗಡು ತೆಗೆದರೆ ಒಳಗೆ ಧೂಳು, ಒಂದು ಹಲ್ಲಿಮೊಟ್ಟೆಯ ಚಿಪ್ಪು. ರಾಯರಿಗೆ ಎಸ್‌ಎಂಪಿಎಸ್ಸನ್ನೂ ಬಿಚ್ಚಿ ನೋಡುವ ಉಮೇದು ಬಂತು. ಅದು ಮಾತ್ರ ಬೇಡ ಅಂದೆ. ಪ್ಲಗ್ಗು ಕಿತ್ತ ಮೇಲೂ ಅದರೊಳಗಿನ ದೊಡ್ಡ ಕೆಪ್ಯಾಸಿಟರಿನಲ್ಲಿ 300 ವೋಲ್ಟಿನ ಮೇಲೆ ಉಳಿದಿರಬಹುದು. ಅದು ಸತ್ತಿದೆಯೋ ಬದುಕಿದೆಯೋ ತಿಳಿಯಲು ಬಿಚ್ಚಬೇಕಾಗಿಯೂ ಇಲ್ಲ. ಕರೆಂಟು ತೆಗೆದು, ಬೋರ್ಡಿನಿಂದ 24 ತೂತಿನ ದೊಡ್ಡ ಕನೆಕ್ಟರ್ ಕಿತ್ತು, ಹಸಿರು ತಂತಿಗೂ ಕಪ್ಪು ತಂತಿಗೂ ಒಂದು ಜೆಮ್ ಕ್ಲಿಪ್ ಬಗ್ಗಿಸಿ ಸಿಕ್ಕಿಸಿ, ಆಮೇಲೆ ಕರೆಂಟು ಕೊಟ್ಟರೆ ಅದರ ಫ್ಯಾನು ತಿರುಗಬೇಕು. ತಿರುಗಿತು ಅಂತ ಪೂರ್ತಿ ನಂಬಲಿಕ್ಕೂ ಆಗದು, ಹೊರೆ ಬಿದ್ದಾಗ ಕುಸಿಯುವವೂ ಇರುತ್ತವೆ.

ರಾಯರ ಪೆಟ್ಟಿಗೆಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಬೋರ್ಡಿನ ಮೂಲೆಯಲ್ಲಿ ಮುಂದಿನ ಗುಂಡಿಯ ಎರಡು ತಂತಿ ಬಂದು ಕೂರುವ ಪಿನ್ನುಗಳಿದ್ದವು. ತಂತಿ ಕಿತ್ತು, ಆ ಎರಡು ಪಿನ್ನಿಗೆ ಟೆಸ್ಟರ್ ತುದಿಯನ್ನು ಒಂದು ಕ್ಷಣ ಮುಟ್ಟಿಸಿದೆ. ಬುರ್ರ್ ಅಂತ ಫ್ಯಾನು ತಿರುಗಿತು, ರಾಯರು ಎರಡು ಹೆಜ್ಜೆ ಹಿಂದೆ ಹಾರಿದರು. ಕೆಟ್ಟದ್ದು ಗುಂಡಿ. ಒಳಗೆ ತುಕ್ಕು.

ಹೊಸ ಗುಂಡಿ ಹುಡುಕಿಕೊಂಡು ಪೇಟೆಗೆ ಯಾರು ಹೋಗುತ್ತಾರೆ? ಪಕ್ಕದಲ್ಲೇ ರೀಸೆಟ್ ಗುಂಡಿ ಕೆಲಸವಿಲ್ಲದೆ ಕೂತಿತ್ತು. ಅದರ ತಂತಿ ಕಿತ್ತು ಪವರ್ ಪಿನ್ನಿಗೆ ಸಿಕ್ಕಿಸಿದೆ, ಎರಡರ ಕೆಲಸವೂ ಪಿನ್ನು ಕೂಡಿಸುವುದೇ ತಾನೆ. ಈಗ ರಾಯರ ಕಂಪ್ಯೂಟರಿನ ದೊಡ್ಡ ಗುಂಡಿಯ ಮೇಲೆ ಬ್ಯಾಂಡೇಜ್ ಅಂಟಿಸಿದೆ, ಬಂದವರಿಗೆಲ್ಲ ಚಿಕ್ಕದನ್ನು ಒತ್ತಿ ಅಂತ ಅಪ್ಪಣೆಯಾಗುತ್ತದೆ. ಬೆಂಗಳೂರಿನ ಹುಡುಗನಿಗೆ ಮಾತ್ರ ಅವರು ಬೇರೆ ವರದಿ ಕೊಟ್ಟಿದ್ದಾರೆ: "ಮದರ್‌ಬೋರ್ಡಲ್ಲೇ ಏನೋ ಇತ್ತು ಕಣೋ, ಮೇಷ್ಟ್ರು ಸರಿಮಾಡಿದ್ರು."