ತೂಕ ಮಾರುವವರು

ಬಾಹ್ಯಾಕಾಶಕ್ಕೆ ಹೋದರೆ ತೇಲಬಹುದು, ಮಜ ಇರುವುದೇ ಅದರಲ್ಲಿ ಎಂದು ಇಷ್ಟು ದಿನ ಹೇಳುತ್ತಿದ್ದರು. ಅಮೆರಿಕದ ಸಾಹುಕಾರ ಡೆನಿಸ್ ಟಿಟೊ 2001ರಲ್ಲಿ ಸುಮಾರು 2 ಕೋಟಿ ಡಾಲರ್ ಸುರಿದು, ತೇಲಿ ಬಂದರು. ಈಗ ಅಲ್ಲಿಗೆ ಹೋಗಿ ತೇಲದೆ ನಿಲ್ಲುವುದಕ್ಕೂ ದುಡ್ಡು ಕೇಳುವವರು ಹುಟ್ಟಿಕೊಂಡಿದ್ದಾರೆ.

ಆರ್ಬಿಟಲ್ ಅಸೆಂಬ್ಲಿ ಎಂಬ ಕಂಪನಿ 2021ರಲ್ಲಿ ಬಣ್ಣದ ಚಿತ್ರ ತೋರಿಸಿತು: ಸುಮಾರು 200 ಮೀಟರ್ ಅಗಲದ ತಿರುಗುವ ಚಕ್ರ, 400 ಜನಕ್ಕೆ ಜಾಗ, ಬಾರು, ರೆಸ್ಟೋರೆಂಟು. 2027ಕ್ಕೆ ಬಾಗಿಲು ತೆರೆಯುತ್ತೇವೆ ಎಂದರು. ಚಕ್ರ ಇನ್ನೂ ಹುಟ್ಟಿಲ್ಲ. ಕಂಪನಿಯ ಹೆಸರು ಮಾತ್ರ ಆಗಲೇ ಬದಲಾಗಿದೆ. ಚಕ್ರ ತಿರುಗಿದರೆ ತೂಕ ಬರುವ ವಿಜ್ಞಾನ ನಮ್ಮ ಹುಡುಗರಿಗೂ ಗೊತ್ತು. ತಂಬಿಗೆಗೆ ಹಗ್ಗ ಕಟ್ಟಿ ಬೀಸಿ ತಿರುಗಿಸಿದರೆ ನೀರು ಚೆಲ್ಲುವುದಿಲ್ಲ. ಆ ತಂಬಿಗೆಯೊಳಗಿನ ನೀರಾಗುವುದಕ್ಕೆ ಟಿಕೆಟ್ಟು.

ಅಷ್ಟಾದರೂ ತಕ್ಕಡಿ ಸರಿಯಿಲ್ಲ. ಅವರು ಕೊಡುವುದು ಚಂದ್ರನ ಲೆಕ್ಕದ ತೂಕ, ಭೂಮಿಯದರ ಆರನೇ ಒಂದು ಪಾಲು. 60 ಕಿಲೋದ ಆಸಾಮಿ 10 ಕಿಲೋ ತೂಗುತ್ತಾನೆ. ಹೀಗೆ ತೂಗಿಕೊಡುವ ಈರುಳ್ಳಿಯವನನ್ನು ಸಂತೆಯಲ್ಲಿ ಯಾರೂ ಸುಮ್ಮನೆ ಬಿಡುತ್ತಿರಲಿಲ್ಲ. ಪೂರ್ತಿ ತೂಕವೇ ಬೇಕೆಂದರೆ, ನಿಮಿಷಕ್ಕೆ ಎರಡು ಸುತ್ತು ಹಾಕುವ ಚಕ್ರ ಸುಮಾರು 450 ಮೀಟರ್ ಅಗಲ ಇರಬೇಕು. ಹದಿನೈದು ದೇಶಗಳು ಸೇರಿ ಕಟ್ಟಿದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವೇ 109 ಮೀಟರ್. ಚಿಕ್ಕ ಚಕ್ರವನ್ನು ಜೋರಾಗಿ ತಿರುಗಿಸಬಹುದಲ್ಲ? ತಿರುಗಿಸಬಹುದು. ಆಗ ಕತ್ತು ಹೊರಳಿಸಿದಾಗಲೆಲ್ಲ ಕಿವಿಯೊಳಗಿನ ದ್ರವಕ್ಕೆ ದಿಕ್ಕು ತಪ್ಪಿ ಉಂಡದ್ದೆಲ್ಲ ಮೇಲೆ ಬರುತ್ತದೆ. (ರೆಸ್ಟೋರೆಂಟಿನ ಬಿಲ್ ವಾಪಸಾಗುತ್ತದೆಯೋ ಇಲ್ಲವೋ ಕೇಳಿಕೊಳ್ಳಿ.)

ರಾಕೆಟ್ ತಜ್ಞ ವರ್ನರ್ ಫಾನ್ ಬ್ರೌನ್ 1952ರಲ್ಲೇ ಕಾಲಿಯರ್ಸ್ ಪತ್ರಿಕೆಯ ಪುಟಗಳಲ್ಲಿ ಇಂಥದೇ ಚಕ್ರ ಬಿಟ್ಟಿದ್ದರು. ಕಾಗದದ ಮೇಲೆ ಅದು ಇವತ್ತಿಗೂ ನಿಂತಿಲ್ಲ. ಆಕಾಶದಲ್ಲಿ 1966ರಲ್ಲಿ ಜೆಮಿನಿ 11 ನೌಕೆಯನ್ನು 30 ಮೀಟರ್ ಪಟ್ಟಿಯಿಂದ ಅಜೀನಾ ರಾಕೆಟ್ಟಿಗೆ ಕಟ್ಟಿ ತಿರುಗಿಸಿದಾಗ ಹುಟ್ಟಿದ ಗುರುತ್ವ ನಮ್ಮದರ ಹತ್ತು ಸಾವಿರದಲ್ಲಿ ಒಂದೂವರೆ ಪಾಲು. ಒಳಗಿದ್ದ ಇಬ್ಬರ ಮೈಗೆ ಅದು ತಿಳಿಯಲೇ ಇಲ್ಲ.

ತೂಕವಿಲ್ಲದೆ ಮೂಳೆ ಸವೆಯುವುದು ಸುಳ್ಳಲ್ಲ. ಗಗನಯಾತ್ರಿಗಳು ದಿನಕ್ಕೆರಡು ಗಂಟೆ ಬೆವರು ಸುರಿಸುವುದು ಅದಕ್ಕೇ. ಆದ್ದರಿಂದ ಜಪಾನಿನಲ್ಲಿ ಇಲಿ, ಗಿಡಗಳನ್ನಾದರೂ ತಿರುಗಿಸಿ ನೋಡೋಣವೆಂದು ನಿಲ್ದಾಣಕ್ಕೊಂದು ಕೊಠಡಿ ಕಟ್ಟತೊಡಗಿದ್ದರು. 2005ರಲ್ಲಿ ಯೋಜನೆಯನ್ನು ಕೈಬಿಡಲಾಯಿತು. ಅರ್ಧಂಬರ್ಧ ಕೊಠಡಿಯನ್ನು ತ್ಸುಕುಬಾ ಬಾಹ್ಯಾಕಾಶ ಕೇಂದ್ರದ ಅಂಗಳದಲ್ಲಿ ತಂದು ನಿಲ್ಲಿಸಿದರು. ಅಲ್ಲಿ ಅದಕ್ಕೆ ಪೂರ್ತಿ ಗುರುತ್ವ, ಪುಕ್ಕಟೆ.